ಭಾಸ್ಕರಾಚಾರ್ಯರ ಅಂಕಪಾಶ

ಕ್ರಮಯೋಜನೆಯ ಲೆಕ್ಕ ಬಂದರೆ ನಮ್ಮಲ್ಲಿ ಅನೇಕರು ಕಂಗೆಡುತ್ತೇವೆ. ಆ ಲೆಕ್ಕಗಳನ್ನು ವಿನೋದದಂತೆ ಕಲಿಸಿದ ಭಾಸ್ಕರಾಚಾರ್ಯರು ಕ್ರಿ. ಶ. 1114ರಲ್ಲಿ ಜನಿಸಿದರು. ತಂದೆ ಮಹೇಶ್ವರರೇ ಅವರಿಗೆ ಗುರುಗಳು. ತಮ್ಮ ಊರು ಸಹ್ಯಾದ್ರಿಯ ಮಡಿಲಿನ ವಿಜ್ಜಡವಿಡವೆಂದು ಅವರೇ ಹೇಳಿಕೊಂಡಿದ್ದಾರೆ. ಅದು ವಿಜಾಪುರವೆಂದು ಕೆಲವರೂ ಖಾನದೇಶದ ಊರೆಂದು ಕೆಲವರೂ ವಾದಿಸುತ್ತಾರೆ. ವಿಜಾಪುರವೆಂದರೆ ಕನ್ನಡಿಗರಾದ ನಮಗೆ ಹಿಗ್ಗು. ಆದರೆ ಸಹ್ಯಾದ್ರಿಯು ಅಲ್ಲಿಂದ ಬಹು ದೂರವೆಂಬುದನ್ನು ಮರೆಯಲಾಗದು.

1150ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅವರು ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದರು. ಅದರ ಮೊದಲ ಭಾಗವೆನಿಸಿದ ‘ಲೀಲಾವತಿ’ಯ ಕೊನೆಯ ಪ್ರಕರಣವೇ ಅಂಕಪಾಶ. 3, 9, 8 ಈ ಅಂಕಗಳನ್ನು ಸ್ಥಾನ ಬದಲಿಸಿ ಬರೆದರೆ ಎಷ್ಟು ಸಂಖ್ಯೆಗಳಾಗುವುವು, ಅವುಗಳ ಒಟ್ಟು ಮೊತ್ತವೆಷ್ಟು ಎಂದು ಅಲ್ಲಿ ಕೇಳಿದ್ದಾರೆ. 1, 2, 3ನ್ನು ಪರಸ್ಪರ ಗುಣಿಸಿದರೆ 6, ಅಷ್ಟೇ ಸಂಖ್ಯೆಗಳು. ಬಿಡಿಯ ಸ್ಥಾನದಲ್ಲಿ ಪ್ರತಿಯೊಂದು ಅಂಕವೂ ಎರಡೆರಡು ಸಲ ಬರುವುದರಿಂದ ಆ ಸಾಲಿನ ಮೊತ್ತ 40. ಹತ್ತು, ನೂರರ ಸ್ಥಾನಗಳಲ್ಲಿಯೂ ಹಾಗೆಯೇ. ಆದುದರಿಂದ 40, 400, 4000 ಸೇರಿ 4440. 2ರಿಂದ 9ರವರೆಗಿನ ಎಂಟು ಅಂಕಗಳಿಂದಾಗುವ 40,320 ಸಂಖ್ಯೆಗಳ ಮೊತ್ತವನ್ನೂ ಅವರು ಕೇಳಿದ್ದಾರೆ! ಒಂದೊಂದಾಗಿ ಬರೆದು ಕೂಡಹೊರಟವನಿಗೆ ದಿನಗಳೇ ಸಾಲವು. ಈ ಉಪಾಯವನ್ನು ಬಲ್ಲವನಿಗೆ ಅರ್ಧ ಹಾಳೆ ಸಾಕು. ನಾವು ಮಾಡಿ ನೋಡಿದೆವು; ನೀವೂ ನೋಡಿರಿ.

ಅರುವತ್ತೊಂಬತ್ತನೆಯ ವಯಸ್ಸಿನಲ್ಲಿಯೂ ಅವರು ‘ಕರಣಕುತೂಹಲ’ವೆಂಬ ಜ್ಯೋತಿಷ ಗ್ರಂಥವನ್ನು ಬರೆದರು. ಅವರ ಮೊಮ್ಮಗ ಚಾಂಗದೇವನು ಯಾದವ ರಾಜ ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದು, ಅಜ್ಜನ ಗ್ರಂಥಗಳ ಪಾಠಕ್ಕೆಂದೇ ಮಠವೊಂದನ್ನು ಸ್ಥಾಪಿಸಿದನು. ಅದಕ್ಕೆ 1207ರಲ್ಲಿ ದತ್ತಿ ದೊರೆತುದನ್ನು ತಿಳಿಸುವ ಶಾಸನವು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ ದೊರೆತಿದೆ. ಖಾನದೇಶದ ಪಕ್ಷದವರು ಬೆರಳಿಟ್ಟು ತೋರಿಸುವುದು ಈ ಕಲ್ಲನ್ನೇ.