ಮನೆಮನೆಯ ಲೆಕ್ಕ ಹಿಡಿದು ಕಾಲರಾದ ಮೂಲ ಹುಡುಕಿದ ಡಾ| ಜಾನ್ ಸ್ನೋ



2020ರಲ್ಲಿ ಕೊರೊನಾ ನಮ್ಮ ನಾಡಿಗೆ ಕಾಲಿಟ್ಟಾಗ ನಮಗೆಲ್ಲ ಒಂದು ಹೊಸ ಅಭ್ಯಾಸ ಅಂಟಿಕೊಂಡಿತು. ಸಂಜೆಯಾದರೆ ಸಾಕು, ಯಾವ ಜಿಲ್ಲೆಯಲ್ಲಿ ಎಷ್ಟು ಮಂದಿಗೆ ಸೋಂಕು, ಎಷ್ಟು ಮಂದಿ ಗುಣಮುಖ, ಎಷ್ಟು ಸಾವು ಎಂಬ ಪಟ್ಟಿಗಾಗಿ ಕಾಯುತ್ತಿದ್ದೆವು. ಆ ಪಟ್ಟಿ ನೋಡಿ ಹೆದರಿದವರಿದ್ದರು. ಇದರಿಂದ ಯಾರಿಗೇನು ಪ್ರಯೋಜನ ಎಂದು ಬೇಸತ್ತವರೂ ಇದ್ದರು. ಎಲ್ಲಿ, ಯಾವಾಗ, ಯಾರಿಗೆ ರೋಗ ಬಂತು ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟರೆ ಜೀವ ಉಳಿಸಬಹುದು ಎಂದು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಲಂಡನ್ನಿನ ವೈದ್ಯ ಡಾ| ಜಾನ್ ಸ್ನೋ ಅವರ ಹೆಸರು ಮುಂಚೂಣಿಯಲ್ಲಿದೆ. ಅವರ ಜೀವನಕಥೆಯಲ್ಲಿ ಒಂದು ಚರ್ಚಿನ ಸಹಾಯಕ ಧರ್ಮಗುರುವಿಗೂ ದೊಡ್ಡ ಪಾತ್ರವಿದೆ. ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಾವೆಲ್ಲರೂ ತಿಳಿದಿರಬೇಕಾದ ಕಥೆಯಿದು.

ಬಡ ಕುಟುಂಬದ ಹಿರಿಯ ಮಗ

ಜಾನ್ ಸ್ನೋ 1813ರ ಮಾರ್ಚ್ 15ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಹುಟ್ಟಿದರು. ತಂದೆ ಕಲ್ಲಿದ್ದಲು ದಾಸ್ತಾನಿನಲ್ಲಿ ಕೂಲಿ ಕೆಲಸ ಮಾಡುತ್ತಿದ್ದರು. ಒಂಬತ್ತು ಮಕ್ಕಳಲ್ಲಿ ಸ್ನೋ ಹಿರಿಯವರು. ಅವರ 14ನೇ ವಯಸ್ಸಿನಲ್ಲಿ ಮನೆಯವರು ಅವರನ್ನು ನ್ಯೂಕ್ಯಾಸಲ್ ನಗರದ ಒಬ್ಬ ಶಸ್ತ್ರವೈದ್ಯರ ಬಳಿ ಕೆಲಸ ಕಲಿಯಲು ಬಿಟ್ಟರು.

1831-32ರಲ್ಲಿ ಕಾಲರಾ ಮೊದಲ ಬಾರಿಗೆ ಇಂಗ್ಲೆಂಡಿಗೆ ಬಂತು. 1817ರಲ್ಲಿ ನಮ್ಮ ಬಂಗಾಳದ ಕಡೆಯಿಂದ ಹೊರಟು ದೇಶದೇಶಗಳಿಗೆ ಹಬ್ಬಿದ್ದ ರೋಗವದು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ವಾಂತಿಭೇದಿಯಿಂದ ಒಣಗಿ ರಾತ್ರಿಯೊಳಗೆ ಸಾಯುತ್ತಿದ್ದ. ಹದಿಹರೆಯದ ಸ್ನೋ ಅವರನ್ನು ಕಿಲ್ಲಿಂಗ್‌ವರ್ತ್ ಎಂಬಲ್ಲಿಯ ಕಲ್ಲಿದ್ದಲು ಗಣಿ ಕಾರ್ಮಿಕರ ಆರೈಕೆಗೆ ಕಳುಹಿಸಲಾಯಿತು. ಗಣಿಯೊಳಗೆ ಶೌಚಕ್ಕೆ ಸ್ಥಳವಿರಲಿಲ್ಲ, ಕೈ ತೊಳೆಯಲು ನೀರೂ ಇರಲಿಲ್ಲ. ಕಾರ್ಮಿಕರು ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ತಿನ್ನುತ್ತಿದ್ದರು. ಈ ದೃಶ್ಯ ಅವರ ಮನಸ್ಸಿನಲ್ಲಿ ಉಳಿಯಿತು.

1836ರಲ್ಲಿ ಅವರು ಲಂಡನ್ನಿಗೆ ಬಂದು ವೈದ್ಯಕೀಯ ಶಿಕ್ಷಣ ಮುಂದುವರಿಸಿದರು, 1844ರಲ್ಲಿ ಎಂ.ಡಿ. ಪದವಿ ಪಡೆದರು. ಮದುವೆಯಾಗಲಿಲ್ಲ. ಯೌವನದಿಂದಲೇ ಸಸ್ಯಾಹಾರಿಯಾಗಿದ್ದು, ಮದ್ಯದಿಂದ ದೂರವಿದ್ದರು. ಶಸ್ತ್ರಚಿಕಿತ್ಸೆಯ ವೇಳೆ ಈಥರ್ ಮತ್ತು ಕ್ಲೋರೋಫಾರ್ಮ್ ಕೊಟ್ಟು ನೋವು ತಪ್ಪಿಸುವ ವಿದ್ಯೆಯಲ್ಲಿ ಅವರು ನಿಪುಣರಾದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವರೂ ಇವರೇ. ಇಷ್ಟು ಹೆಸರು ಬಂದ ಮೇಲೆ ಶ್ರೀಮಂತರ ಮನೆಗಳಿಗೆ ಹೋಗಿಬರುತ್ತಾ ಸುಖವಾಗಿ ಇರಬಹುದಿತ್ತು. ಅವರು ಬಡವರ ಓಣಿಗಳನ್ನು ಬಿಡಲಿಲ್ಲ.

ಗಾಳಿಯಲ್ಲ, ನೀರು

ಕೊಳೆತ ವಸ್ತುಗಳಿಂದ ಏಳುವ ದುರ್ಗಂಧದ ಗಾಳಿಯಿಂದಲೇ ಕಾಲರಾ ಬರುತ್ತದೆ ಎಂದು ಆ ಕಾಲದ ಹೆಚ್ಚಿನ ವೈದ್ಯರೂ ಅಧಿಕಾರಿಗಳೂ ನಂಬಿದ್ದರು. ಸ್ನೋ ಅವರಿಗೆ ಇದು ಸರಿಯೆನಿಸಲಿಲ್ಲ. ಗಾಳಿಯಿಂದ ಬರುವ ರೋಗವಾದರೆ ಮೊದಲು ಶ್ವಾಸಕೋಶಕ್ಕೆ ತಗಲಬೇಕಿತ್ತು. ಇದಾದರೋ ಹೊಟ್ಟೆಯಿಂದಲೇ ಶುರುವಾಗುತ್ತದೆ. ಹಾಗಾದರೆ ರೋಗಿಯ ಮಲದಲ್ಲಿರುವ ಯಾವುದೋ ವಿಷ ಕೈಯ ಮೂಲಕ, ಆಹಾರದ ಮೂಲಕ, ಮುಖ್ಯವಾಗಿ ನೀರಿನ ಮೂಲಕ ಇನ್ನೊಬ್ಬರ ಹೊಟ್ಟೆ ಸೇರುತ್ತಿರಬೇಕು ಎಂದು ಅವರು ಯೋಚಿಸಿದರು. 1849ರಲ್ಲಿ ಒಂದು ಚಿಕ್ಕ ಪುಸ್ತಿಕೆಯನ್ನೂ ಪ್ರಕಟಿಸಿದರು. ಹೆಚ್ಚಿನವರು ಒಪ್ಪಲಿಲ್ಲ. ರೋಗಾಣುಗಳ ವಿಷಯ ಜನರಿಗೆ ಇನ್ನೂ ಗೊತ್ತಿಲ್ಲದ ಕಾಲವದು. ಬರಿಯ ವಾದದಿಂದ ಯಾರನ್ನೂ ಒಪ್ಪಿಸಲಾಗದು, ಸಾಕ್ಷಿ ಬೇಕು ಎಂಬುದು ಸ್ನೋ ಅವರಿಗೆ ಅರ್ಥವಾಯಿತು.

ಬ್ರಾಡ್ ಸ್ಟ್ರೀಟಿನ ಪಂಪು

1854ರ ಆಗಸ್ಟ್ 31ರ ರಾತ್ರಿ ಲಂಡನ್ನಿನ ಸೋಹೋ ಪ್ರದೇಶದ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಸ್ಫೋಟಗೊಂಡಿತು. ಇಕ್ಕಟ್ಟಾದ ಮನೆಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ಕುಟುಂಬ. ಹತ್ತು ದಿನಗಳೊಳಗೆ ಸುಮಾರು 500 ಮಂದಿ ತೀರಿಕೊಂಡರು. ಜನ ಮನೆ ಬಿಟ್ಟು ಓಡತೊಡಗಿದರು.

ಸ್ನೋ ಹತ್ತಿರದಲ್ಲೇ ವಾಸವಾಗಿದ್ದರು. ಊರು ಬಿಟ್ಟು ಹೋಗುತ್ತಿದ್ದವರ ನಡುವೆ ಅವರು ಮನೆಮನೆಯ ಬಾಗಿಲು ತಟ್ಟಲು ಹೊರಟರು. ಜನನ ಮರಣ ನೋಂದಣಿ ಕಚೇರಿಯಿಂದ, ಸೆಪ್ಟೆಂಬರ್ 2ಕ್ಕೆ ಮುಗಿದ ವಾರದ ಕೊನೆಯ ಮೂರು ದಿನಗಳಲ್ಲಿ ಆ ಪ್ರದೇಶದಲ್ಲಿ ಸತ್ತ 83 ಮಂದಿಯ ಪಟ್ಟಿ ಪಡೆದರು. ಅವರಲ್ಲಿ 73 ಮಂದಿ ಬ್ರಾಡ್ ಸ್ಟ್ರೀಟಿನ ಬೀದಿ ಪಂಪಿಗೆ ಹತ್ತಿರದ ಮನೆಯವರು. ಆ 73ರಲ್ಲಿ 61 ಮಂದಿ ಅದೇ ಪಂಪಿನ ನೀರು ಕುಡಿಯುತ್ತಿದ್ದರು. ಉಳಿದ 10 ಮಂದಿಯ ಮನೆ ಬೇರೆ ಪಂಪಿಗೆ ಹತ್ತಿರವಿತ್ತು. ಅಲ್ಲಿಯೂ ಹೋಗಿ ವಿಚಾರಿಸಿದಾಗ, ಐವರ ಮನೆಯವರು ರುಚಿಯ ಕಾರಣಕ್ಕೆ ಬ್ರಾಡ್ ಸ್ಟ್ರೀಟಿನಿಂದಲೇ ನೀರು ತರಿಸುತ್ತಿದ್ದರು ಎಂದು ತಿಳಿಯಿತು. ಇನ್ನು ಮೂವರು ಆ ಪಂಪಿನ ಹತ್ತಿರದ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಸ್ನೋ ಸತ್ತವರನ್ನು ಮಾತ್ರ ಎಣಿಸಲಿಲ್ಲ, ಬದುಕಿ ಉಳಿದವರನ್ನೂ ವಿಚಾರಿಸಿದರು. ಪಂಪಿನ ಸಮೀಪದಲ್ಲೇ ಬಡವರ ಆಶ್ರಯಾಲಯವೊಂದಿತ್ತು. ಅಲ್ಲಿದ್ದ 535 ಮಂದಿಯಲ್ಲಿ ಕಾಲರಾದಿಂದ ಸತ್ತವರು ಐವರು ಮಾತ್ರ. ಅವರಿಗೆ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಸುಮಾರು 70 ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಬಿಯರನ್ನೇ ಕುಡಿಯುತ್ತಿದ್ದರು, ಪಂಪಿನ ನೀರು ಮುಟ್ಟುತ್ತಿರಲಿಲ್ಲ. ಆದರೆ ಬಂದೂಕಿನ ಕೇಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಗಾರರಿಗೆಂದು ಆ ಪಂಪಿನ ನೀರನ್ನು ತೊಟ್ಟಿಯಲ್ಲಿ ತುಂಬಿಡುತ್ತಿದ್ದರು. ಅಲ್ಲಿ 18 ಮಂದಿ ಸತ್ತರು. ಆ ಕಾರ್ಖಾನೆಯ ಮಾಲೀಕರ ತಾಯಿ ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದರು. ಹಿಂದೆ ಕುಡಿದು ಅಭ್ಯಾಸವಾದ ಆ ನೀರು ಅವರಿಗೆ ಇಷ್ಟವೆಂದು ಮಕ್ಕಳು ಬಾಟಲಿಯಲ್ಲಿ ತುಂಬಿಸಿ ಕಳುಹಿಸುತ್ತಿದ್ದರು. ಅವರ ಸುತ್ತಮುತ್ತ ಎಲ್ಲೂ ಕಾಲರಾ ಇರಲಿಲ್ಲ. ಪ್ರೀತಿಯಿಂದ ಕಳುಹಿಸಿದ ಆ ನೀರು ಕುಡಿದು ತಾಯಿ ಸತ್ತರು. ಅವರ ಮನೆಗೆ ಬಂದು ಅದೇ ನೀರು ಕುಡಿದಿದ್ದ ಸೊಸೆ ವರಸೆಯ ಹೆಣ್ಣುಮಗಳೂ ತನ್ನ ಊರಿಗೆ ಮರಳಿ ಸತ್ತಳು.

ಸೆಪ್ಟೆಂಬರ್ 7ರಂದು ಸ್ನೋ ಈ ಲೆಕ್ಕವನ್ನು ಸೇಂಟ್ ಜೇಮ್ಸ್ ಪ್ಯಾರಿಷಿನ ಆಡಳಿತ ಮಂಡಳಿಯ ಮುಂದಿಟ್ಟರು. ಮಂಡಳಿಯವರಿಗೆ ಪೂರ್ತಿ ನಂಬಿಕೆ ಬಾರದಿದ್ದರೂ ಮರುದಿನವೇ ಪಂಪಿನ ಹಿಡಿಯನ್ನು ಕಳಚಿಸಿದರು. ಜನರು ಊರು ಬಿಟ್ಟಿದ್ದರಿಂದ ಆಗಲೇ ರೋಗ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ತಾವೇ ಒಪ್ಪಿಕೊಂಡರು. ತಮ್ಮ ಕೀರ್ತಿಗಾಗಿ ಲೆಕ್ಕವನ್ನು ತಿರುಚಲಿಲ್ಲ. ಅವರ ಎಣಿಕೆಯಂತೆ ಒಟ್ಟು ಸತ್ತವರು 616 ಮಂದಿ.

ಒಪ್ಪದೆ ಹೊರಟ ಧರ್ಮಗುರು

ಅದೇ ಪ್ರದೇಶದ ಸೇಂಟ್ ಲ್ಯೂಕ್ ಎಂಬ ಆಂಗ್ಲಿಕನ್ ಚರ್ಚಿನಲ್ಲಿ ವಂ| ಹೆನ್ರಿ ವೈಟ್‌ಹೆಡ್ ಸಹಾಯಕ ಧರ್ಮಗುರುಗಳಾಗಿದ್ದರು. ಇನ್ನೂ ಮೂವತ್ತು ದಾಟದ ವಯಸ್ಸು. ಆ ಭಯಂಕರ ದಿನಗಳಲ್ಲಿ ಅವರು ರೋಗಿಗಳ ಮನೆಗಳಿಗೆ ಹೋಗಿ ಸಾಂತ್ವನ ನೀಡಿದ್ದರು. ಸ್ನೋ ಅವರ ಮಾತು ಅವರಿಗೆ ತಪ್ಪೆನಿಸಿತು. ಪಂಪಿನ ನೀರನ್ನು ಧಾರಾಳವಾಗಿ ಕುಡಿದೂ ಗುಣವಾದ ರೋಗಿಗಳನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗಾಗಿ ಈ ವಾದ ಸುಳ್ಳೆಂದು ತೋರಿಸಲು ತಾವೇ ವಿಚಾರಣೆಗೆ ಹೊರಟರು.

ಅವರಿಗೆ ಪ್ರತಿ ಮನೆಯ ಪರಿಚಯವಿತ್ತು. ಯಾರು ಸತ್ತರು, ಯಾರು ಊರು ಬಿಟ್ಟರು, ಹೋದವರು ಈಗ ಎಲ್ಲಿದ್ದಾರೆ ಎಂಬುದನ್ನು ಕೇಳಿ ತಿಳಿಯಬಲ್ಲವರಾಗಿದ್ದರು. ಹೊರಗಿನ ವೈದ್ಯನಿಗೆ ಹೇಳದ ಸಂಗತಿಯನ್ನು ಜನ ತಮ್ಮ ಧರ್ಮಗುರುವಿಗೆ ಹೇಳುತ್ತಿದ್ದರು. ಒಂದೇ ಮನೆಗೆ ಹಲವು ಸಲ ಹೋಗಿ ಅವರು ವಿವರ ಸಂಗ್ರಹಿಸಿದರು. ಬ್ರಾಡ್ ಸ್ಟ್ರೀಟಿನವರ ಪೈಕಿ ಪಂಪಿನ ನೀರು ಕುಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ತಗಲಿತ್ತು, ಕುಡಿಯದವರಲ್ಲಿ ಸುಮಾರು ಹದಿನೈದರಲ್ಲಿ ಒಬ್ಬರಿಗೆ ಮಾತ್ರ. ವೈಟ್‌ಹೆಡ್ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು.

ಒಂದು ಪ್ರಶ್ನೆ ಉಳಿದಿತ್ತು. ಪಂಪಿನ ಬಾವಿಗೆ ವಿಷ ಬಂದದ್ದು ಎಲ್ಲಿಂದ? 1855ರಲ್ಲಿ ಮರಣ ದಾಖಲೆಗಳನ್ನು ತಿರುವುತ್ತಿದ್ದಾಗ ವೈಟ್‌ಹೆಡ್ ಅವರ ಕಣ್ಣಿಗೆ ಒಂದು ಹೆಸರು ಬಿತ್ತು. ಪಂಪಿಗೆ ತಾಗಿಕೊಂಡಿದ್ದ 40ನೇ ನಂಬರಿನ ಮನೆಯ ಐದು ತಿಂಗಳ ಹೆಣ್ಣುಮಗು. ಉಳಿದವರಿಗೆ ರೋಗ ಬರುವ ಮೊದಲೇ ಅದಕ್ಕೆ ಭೇದಿ ಶುರುವಾಗಿ, ಸೆಪ್ಟೆಂಬರ್ 2ರಂದು ತೀರಿಕೊಂಡಿತ್ತು. ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಚೆಲ್ಲಿದ್ದಾಗಿ ತಾಯಿ ತಿಳಿಸಿದಳು. ಅಗೆದು ನೋಡಿದಾಗ ಗುಂಡಿಗೂ ಬಾವಿಗೂ ಮೂರು ಅಡಿಯ ಅಂತರವೂ ಇರಲಿಲ್ಲ. ಗುಂಡಿಯ ಇಟ್ಟಿಗೆಗಳು ಸಡಿಲಗೊಂಡು ಕೊಳಕು ಬಾವಿಗೆ ಇಳಿಯುತ್ತಿತ್ತು. ಪಂಪಿನ ಹಿಡಿ ಕಳಚಿದ ದಿನವೇ ಆ ಮಗುವಿನ ತಂದೆಗೂ ಕಾಲರಾ ತಗಲಿ, ಕೆಲವು ದಿನಗಳ ಬಳಿಕ ಆತ ಸತ್ತಿದ್ದ. ಹಿಡಿ ಹಾಗೆಯೇ ಇದ್ದಿದ್ದರೆ ಅದೇ ಗುಂಡಿಯಿಂದ ರೋಗ ಎರಡನೇ ಬಾರಿ ಬೀದಿಗೆ ಇಳಿಯುವ ಸಾಧ್ಯತೆಯಿತ್ತು.

ಎರಡು ಕಂಪನಿಗಳ ನೀರು

1854ರಲ್ಲೇ ಸ್ನೋ ಇನ್ನೊಂದು ದೊಡ್ಡ ಲೆಕ್ಕವನ್ನೂ ಕೈಗೆತ್ತಿಕೊಂಡಿದ್ದರು. ದಕ್ಷಿಣ ಲಂಡನ್ನಿನ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಿಂದ ಥೇಮ್ಸ್ ನದಿಯ ಮೇಲ್ಭಾಗದ ಶುದ್ಧ ನೀರನ್ನು ತರುತ್ತಿತ್ತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ನಗರದ ಚರಂಡಿ ಸೇರುವ ಕಡೆಯಿಂದಲೇ ನೀರೆತ್ತುತ್ತಿತ್ತು. ತಮ್ಮ ಮನೆಗೆ ಯಾವ ಕಂಪನಿಯ ನೀರು ಬರುತ್ತದೆಂಬುದು ಎಷ್ಟೋ ಬಾಡಿಗೆದಾರರಿಗೆ ಗೊತ್ತಿರಲಿಲ್ಲ. ಎರಡನೇ ಕಂಪನಿಯ ನೀರಿನಲ್ಲಿ ಉಪ್ಪಿನಂಶ ಬಹಳ ಹೆಚ್ಚಿತ್ತು. ಸ್ನೋ ಒಂದು ಸರಳ ರಾಸಾಯನಿಕ ಪರೀಕ್ಷೆಯಿಂದ ಅದನ್ನು ಗುರುತಿಸಿದರು. ಏಳು ವಾರಗಳ ಸಾವುಗಳನ್ನು ಎಣಿಸಿದಾಗ, ಪ್ರತಿ 10,000 ಮನೆಗಳಿಗೆ ಕೊಳಕು ನೀರಿನವರಲ್ಲಿ 315 ಸಾವು, ಲ್ಯಾಂಬೆತ್ ನೀರಿನವರಲ್ಲಿ 37. ಬೀದಿ ಒಂದೇ, ಉಸಿರಾಡುವ ಗಾಳಿ ಒಂದೇ, ನೀರು ಮಾತ್ರ ಬೇರೆ.

ಮನ್ನಣೆ ಕಾಣದ ಮರಣ

1855ರಲ್ಲಿ ಸ್ನೋ ತಮ್ಮ ಪುಸ್ತಕವನ್ನು ವಿಸ್ತರಿಸಿ, ಸ್ವಂತ ಹಣ ಖರ್ಚು ಮಾಡಿ ಮತ್ತೆ ಪ್ರಕಟಿಸಿದರು. ಸತ್ತವರ ಮನೆಗಳನ್ನು ಕಪ್ಪು ಗೆರೆಗಳಿಂದ ಗುರುತಿಸಿದ ಪ್ರಸಿದ್ಧ ನಕ್ಷೆ ಅದರಲ್ಲಿದೆ. ಸರಕಾರಿ ಆರೋಗ್ಯ ಮಂಡಳಿ ಅವರ ವಾದವನ್ನು ತಳ್ಳಿಹಾಕಿತು. 1858ರ ಜೂನ್ 16ರಂದು, 45ನೇ ವಯಸ್ಸಿನಲ್ಲಿ, ಅವರು ಪಾರ್ಶ್ವವಾಯುವಿನಿಂದ ನಿಧನರಾದರು. ಒಂದು ಪ್ರಮುಖ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಚುಟುಕು ನಿಧನ ವಾರ್ತೆಯಲ್ಲಿ ಕಾಲರಾದ ಮಾತೇ ಇರಲಿಲ್ಲ. 1866ರಲ್ಲಿ ಪೂರ್ವ ಲಂಡನ್ನಿಗೆ ಕಾಲರಾ ಬಂದಾಗ, ಮರಣ ಅಂಕಿಅಂಶಗಳ ಅಧಿಕಾರಿ ವಿಲಿಯಂ ಫಾರ್ ನೀರೇ ಕಾರಣವೆಂದು ಒಪ್ಪಿದರು. 1884ರಲ್ಲಿ ರಾಬರ್ಟ್ ಕಾಕ್ ನಮ್ಮ ಕಲ್ಕತ್ತಾದಲ್ಲಿ ಕಾಲರಾದ ರೋಗಾಣುವನ್ನು ಗುರುತಿಸಿದರು. 1896ರಲ್ಲಿ ತೀರಿಕೊಳ್ಳುವವರೆಗೂ ವೈಟ್‌ಹೆಡ್ ಅವರಿಗೆ ಸ್ನೋ ಅವರ ಮೇಲಿನ ಗೌರವ ಕಡಿಮೆಯಾಗಲಿಲ್ಲ.

ನಮ್ಮ ಧರ್ಮಕೇಂದ್ರಗಳಿಗೆ

ನಮ್ಮ ಕರಾವಳಿಯಲ್ಲೂ ಎಷ್ಟೋ ಮನೆಗಳಿಗೆ ಬಾವಿಯಿದೆ, ಹಿತ್ತಲಲ್ಲಿ ಶೌಚದ ಗುಂಡಿಯೂ ಇದೆ. ಮಳೆಗಾಲದಲ್ಲಿ ಎರಡೂ ತುಂಬುತ್ತವೆ. ಇವೆರಡರ ನಡುವಿನ ಅಂತರವನ್ನು ಒಮ್ಮೆ ನೋಡಿಕೊಳ್ಳೋಣ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸೋಣ. ಚರ್ಚಿನ ಹಬ್ಬ, ಮದುವೆ, ನೊವೆನಾ ಊಟಗಳಲ್ಲಿ ನೀರು ಎಲ್ಲಿಂದ ಬಂತೆಂದು ಕೇಳುವುದಕ್ಕೆ ಸಂಕೋಚ ಬೇಡ. ಭೇದಿಯಾದವರಿಗೆ ತಡಮಾಡದೆ ಓ.ಆರ್.ಎಸ್. ಕುಡಿಸಿ ಆಸ್ಪತ್ರೆಗೆ ಕರೆದೊಯ್ಯೋಣ.

ವಾಳೆಯ ಗುರಿಕಾರರಿಗೆ ವಿಶೇಷವಾಗಿ ಒಂದು ಮಾತು. ನಿಮ್ಮ ವಾಳೆಯ ಪ್ರತಿ ಮನೆಯೂ ನಿಮಗೆ ಗೊತ್ತು. ಎರಡು ಮೂರು ಮನೆಗಳಲ್ಲಿ ಒಂದೇ ರೀತಿಯ ಜ್ವರವೋ ಭೇದಿಯೋ ಕಂಡರೆ ಅದು ಮೊದಲು ತಿಳಿಯುವುದು ನಿಮಗೇ. ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಕಾಯಿಲೆಯ ಮನೆಯವರನ್ನು ದೂಷಿಸಬೇಡಿ. ಬ್ರಾಡ್ ಸ್ಟ್ರೀಟಿನ ಆ ತಾಯಿ ತನ್ನ ಮಗುವಿನ ಬಟ್ಟೆ ತೊಳೆದಳು, ಅಷ್ಟೇ. ಅವಳು ಧರ್ಮಗುರುವನ್ನು ನಂಬಿ ನಿಜ ಹೇಳಿದ್ದರಿಂದಲೇ ಮೂಲ ಸಿಕ್ಕಿತು. ಜನ ನಮ್ಮಲ್ಲಿಯೂ ಹಾಗೆ ನಂಬಿಕೆಯಿಂದ ನಿಜ ಹೇಳುವಂತಾಗಲಿ, ಕೇಳಿದ್ದನ್ನು ಪ್ರೀತಿಯಿಂದಲೂ ಪ್ರಾಮಾಣಿಕತೆಯಿಂದಲೂ ಬಳಸುವ ವಿವೇಕವನ್ನು ದೇವರು ನಮಗೆ ಕರುಣಿಸಲಿ.