ಮೂರನೆಯ ಬಾರಿ ಎದ್ದ ಗುಡಿ ಮತ್ತು ಚಿತ್ರಕಾರ ಲಿ ಮೇಶು

ತೈವಾನಿನ ರಾಜಧಾನಿ ತೈಪೆಯ ನೈಋತ್ಯಕ್ಕೆ, ನದಿಯ ದಡದಲ್ಲಿರುವ ಪುಟ್ಟ ಪಟ್ಟಣ ಸಾನ್‌ಶಿಯಾ. ಅಲ್ಲಿನ ತ್ಸುಶಿ ದೇಗುಲಕ್ಕೆ ಕಾಲಿಟ್ಟವರ ಕಣ್ಣು ಮೊದಲು ನೆಡುವುದು ಕಲ್ಲಿನ ಕಂಬಗಳ ಮೇಲೆ. ಹೂಬಿಟ್ಟ ಕೊಂಬೆಗಳ ನಡುವೆ ನೂರು ಹಕ್ಕಿಗಳು ಕುಳಿತ ಕಂಬಗಳೂ ಅಲ್ಲಿವೆ. ಈ ವೈಭವದ ಹಿಂದಿರುವುದು ಅದೇ ಊರಿನ ಚಿತ್ರಕಾರ ಲಿ ಮೇಶು ಅವರ ಮೂವತ್ತಾರು ವರ್ಷಗಳ ದುಡಿಮೆ.

ಚೀನದ ಫ್ಯೂಜಿಯನ್ ಪ್ರಾಂತ್ಯದ ಆನ್‌ಶಿ ಸೀಮೆಯಿಂದ ಬಂದ ವಲಸಿಗರು 1769ರಲ್ಲಿ ಈ ಗುಡಿಯನ್ನು ಕಟ್ಟಿದರು. ಮಳೆಗಾಗಿ ಪ್ರಾರ್ಥಿಸಿ ಜನರ ಸಂಕಟ ಕಳೆದನೆಂದು ನಂಬಲಾದ ಸಾಂಗ್ ಕಾಲದ ಬೌದ್ಧ ಭಿಕ್ಷುವೇ ಇಲ್ಲಿನ ಆರಾಧ್ಯದೈವ. 1833ರ ಭೂಕಂಪ ಗುಡಿಯನ್ನು ಕೆಡವಿತು. 1895ರಲ್ಲಿ ತೈವಾನ್ ಜಪಾನಿನ ವಶವಾದಾಗ ಸಾನ್‌ಶಿಯಾದ ಜನ ಪ್ರತಿಭಟಿಸಿ ನಿಂತರು. ಜಪಾನಿ ಸೇನೆ ಗುಡಿಗೆ ಬೆಂಕಿಯಿಟ್ಟಿತು. ಎರಡು ಸಲವೂ ಊರವರು ಅದನ್ನು ಮತ್ತೆ ಕಟ್ಟಿದರು.

ಲಿ ಮೇಶು ಜನಿಸಿದ್ದು 1902ರಲ್ಲಿ. ಟೋಕಿಯೋದ ಲಲಿತಕಲಾ ಶಾಲೆಯಲ್ಲಿ ತೈಲವರ್ಣ ಚಿತ್ರಕಲೆ ಕಲಿತು 1934ರಲ್ಲಿ ವ್ಯಾಸಂಗ ಮುಗಿಸಿದರು. ಅದೇ ವರ್ಷ ಚೆನ್ ಚೆಂಗ್‌ಪೋ ಮೊದಲಾದ ಗೆಳೆಯರೊಡನೆ ತೈಯಾಂಗ್ ಕಲಾಸಂಘವನ್ನು ಸ್ಥಾಪಿಸಿದರು. ಮನೆಯ ಹೆಣ್ಣುಮಕ್ಕಳು, ಊರಿನ ಹೊಳೆ, ಬೀದಿಗಳು ಅವರ ಚಿತ್ರಗಳ ವಸ್ತುವಾದವು.

1947 ತೈವಾನಿಗೆ ಕರಾಳ ವರ್ಷ. ಫೆಬ್ರವರಿ 28ರ ದಂಗೆಯನ್ನು ಹತ್ತಿಕ್ಕಲು ಬಂದ ಸರಕಾರಿ ಸೇನೆ ಮಾರ್ಚ್ ತಿಂಗಳಲ್ಲಿ ಚೆನ್ ಚೆಂಗ್‌ಪೋ ಅವರನ್ನು ಗುಂಡಿಕ್ಕಿ ಕೊಂದಿತು. ಗೆಳೆಯನನ್ನು ಕಳೆದುಕೊಂಡ ಆ ವರ್ಷವೇ, ಶಿಥಿಲಗೊಂಡಿದ್ದ ಗುಡಿಯ ಮೂರನೆಯ ಪುನರ್ನಿರ್ಮಾಣದ ಹೊಣೆ ಲಿ ಅವರ ಹೆಗಲೇರಿತು.

ಬೇಗ ಮುಗಿಸುವ ಹಂಬಲ ಅವರಿಗಿರಲಿಲ್ಲ. ಕಲ್ಲು, ಮರ, ಕಂಚಿನ ಕೆಲಸವೆಲ್ಲ ನುರಿತ ಕುಶಲಕರ್ಮಿಗಳ ಕೈಯಿಂದಲೇ ಆಗಬೇಕೆಂಬುದು ಅವರ ಪಟ್ಟು. ಪರಂಪರೆಯ ಶಿಲ್ಪಿಗಳೊಡನೆ ಪಾಶ್ಚಾತ್ಯ ಶೈಲಿಯ ಕಲಾಶಿಕ್ಷಣ ಪಡೆದವರನ್ನೂ ಅವರು ಕೂಡಿಸಿದರು. ಇದರ ನಡುವೆ ಕಲಾ ಅಧ್ಯಾಪಕರಾಗಿ ಪಾಠ ಹೇಳಿದರು, ಸ್ಥಳೀಯ ಆಡಳಿತದಲ್ಲೂ ಸೇವೆ ಸಲ್ಲಿಸಿದರು, ಕುಂಚವನ್ನೂ ಕೆಳಗಿಡಲಿಲ್ಲ.

1983ರಲ್ಲಿ ಲಿ ಮೇಶು ತೀರಿಕೊಂಡಾಗ ಅವರು ಕಲ್ಪಿಸಿದ್ದ ಗುಡಿ ಇನ್ನೂ ಪೂರ್ಣವಾಗಿರಲಿಲ್ಲ. ಆದರೆ ಚಿತ್ರಶಾಲೆಯ ಮೆಟ್ಟಿಲನ್ನೇ ಹತ್ತದ ಜನಸಾಮಾನ್ಯರೂ ಅಗರಬತ್ತಿ ಹಿಡಿದು ಬಂದು ನಿತ್ಯವೂ ಕಾಣುವ ಕಲೆಯೊಂದನ್ನು ಅವರು ಹುಟ್ಟೂರಿಗೆ ಬಿಟ್ಟುಹೋಗಿದ್ದರು.