ರಾಜನ ಕತೆ ಉಳಿಸಿದ ನಾಯಿ

ಗಂಗರ ಇಮ್ಮಡಿ ಬೂತುಗನ ಹೆಸರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನಂಥವರಿಗೆಲ್ಲ ಗೊತ್ತು. ತಕ್ಕೋಲಂ ಕದನ, ಕ್ರಿ.ಶ. 949, ಚೋಳ ರಾಜಾದಿತ್ಯನನ್ನು ಕೊಂದವನು ಯಾರು? ಒಂದು ಅಂಕದ ಪ್ರಶ್ನೆ. ಆ ಒಂದು ಅಂಕದ ಹಿಂದೆ ಒಂದು ನಾಯಿ ಇದೆ ಎಂದು ತಿಳಿದ ದಿನ ನಾನು ನೋಟ್ಸ್ ಮುಚ್ಚಿಟ್ಟು ಆತಕೂರು ಶಾಸನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಾರಣವಿಷ್ಟೇ, ಆ ನಾಯಿಯ ಹೆಸರು ಕಾಳಿ. ಮೇಲವಂಕಿಯ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಬದುಕಿದ್ದ ನಾಯಿಯ ಹೆಸರು ಕಾಳ್ಯಾ.

ಮೊದಲು ರಾಜನ ಕತೆ ಹೇಳುತ್ತೇನೆ. ಬೂತುಗ ಹುಟ್ಟಿದ್ದು ತಲಕಾಡಿನ ಗಂಗರ ಮನೆತನದಲ್ಲಿ. ಗಂಗವಾಡಿ 96,000 ಅವರ ನಾಡು. ಸಿಂಹಾಸನದ ಮೇಲಿದ್ದವನು ಅವನ ಸೋದರ ರಾಚಮಲ್ಲ. ಬೂತುಗನಿಗೆ ಬೆನ್ನಿಗೆ ನಿಂತವರು ಮಾನ್ಯಖೇಟದ ರಾಷ್ಟ್ರಕೂಟರು. ಅವರ ಬಲದಿಂದ ಬೂತುಗ ರಾಚಮಲ್ಲನನ್ನು ಕೊಂದು, 938ರ ಸುಮಾರಿಗೆ ಗಂಗವಾಡಿಯ ಒಡೆಯನಾದ. ರಾಜ್ಯ ಸಿಕ್ಕಿದ ದಾರಿ ಚಂದದ್ದೇನಲ್ಲ. ಆ ಕಾಲದ ಅರಮನೆಗಳಲ್ಲಿ ಇದು ಹೊಸದೂ ಅಲ್ಲ.

ರಾಷ್ಟ್ರಕೂಟರೊಂದಿಗೆ ಅವನ ನಂಟು ಬರೀ ಕತ್ತಿಯದಾಗಿರಲಿಲ್ಲ. ಮೂರನೆಯ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಅವನು ಮದುವೆಯಾಗಿದ್ದ. ಬಳುವಳಿಯಾಗಿ ಬಂದದ್ದು ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ಬಾಗೆನಾಡು ಎಂದರೆ ಬಾಗಲಕೋಟೆಯ ಸೀಮೆ. ಹಳೆ ಮೈಸೂರಿನ ರಾಜ ಎಂದು ನಾವು ದೂರ ಇಟ್ಟವನು ಒಂದು ಕಾಲಕ್ಕೆ ನಮ್ಮ ಪಕ್ಕದ ನಾಡುಗಳನ್ನೇ ಆಳಿದವನು. ಅಮೋಘವರ್ಷನ ನಂತರ ಪಟ್ಟಕ್ಕೆ ಬಂದ ಮೂರನೆಯ ಕೃಷ್ಣ ಬೂತುಗನಿಗೆ ಹೆಂಡತಿಯ ತಮ್ಮ. ಇಬ್ಬರೂ ಒಬ್ಬರಿಗೊಬ್ಬರು ಹೆಗಲಾದರು.

ಆ ಹೆಗಲಿನ ಪರೀಕ್ಷೆ ನಡೆದದ್ದು ತಕ್ಕೋಲಂನಲ್ಲಿ. ಇಂದಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ಊರದು. ಎದುರಿಗೆ ಚೋಳ ಪರಾಂತಕನ ಮಗ ರಾಜಾದಿತ್ಯ. ಆನೆಯ ಮೇಲಿದ್ದ ರಾಜಾದಿತ್ಯನನ್ನು ಬೂತುಗ ಕೊಂದ, ಚೋಳರ ಸೇನೆ ಚೆದುರಿತು. ಆದರೆ ಹೇಗೆ ಕೊಂದ ಎನ್ನುವಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. ಶಾಸನದ ಒಂದು ಮಾತನ್ನು ಕೆಲವರು ಮೋಸ ಎಂದು ಓದಿದರು. ಆನೆಯ ಅಂಬಾರಿಯೇ ರಣರಂಗವಾಯಿತು ಎಂಬುದು ಅದರ ಅರ್ಥ ಎಂದು ಉಳಿದವರು ಓದಿದರು. ಒಂದೇ ಪದ, ಒಂದು ಕಡೆ ಅವನು ಕಪಟಿ, ಇನ್ನೊಂದು ಕಡೆ ಮಹಾವೀರ. ಗೆದ್ದ ಕೃಷ್ಣ ಮಾತ್ರ ಬೂತುಗನಿಗೆ ಮೊದಲಿನ ನಾಡುಗಳ ಜೊತೆಗೆ ಬನವಾಸಿ 12,000ವನ್ನೂ ಕೊಟ್ಟ.

ಇದೇ ಯುದ್ಧದಲ್ಲಿ ಬೂತುಗನ ಕಡೆಗೆ ಮಣಲೆರ ಎಂಬ ವೀರನಿದ್ದ. ಅವನ ಕಾದಾಟ ನೋಡಿ ಮೆಚ್ಚಿದ ಬೂತುಗ, ಬೇಕಾದ್ದು ಕೇಳಿಕೋ ಎಂದ. ಈಗ ನೀವೇ ಯೋಚಿಸಿ. ರಾಜ್ಯ ಗೆದ್ದ ಸಂಭ್ರಮದಲ್ಲಿ ರಾಜ ಬಾಯಿಬಿಟ್ಟು ಕೇಳು ಎಂದಾಗ ನಾವು ಏನು ಕೇಳುತ್ತಿದ್ದೆವು? ಮಣಲೆರ ಕೇಳಿದ್ದು ರಾಜನ ಬೇಟೆನಾಯಿ ಕಾಳಿಯನ್ನು. ಬೂತುಗ ಕೊಟ್ಟ. ಆತಕೂರು ಹನ್ನೆರಡನ್ನೂ ಬೆಳ್ವೊಲ ನಾಡಿನ ಒಂದು ಹಳ್ಳಿಯನ್ನೂ ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ವೀರನ ಉಂಬಳಿಯಾಗಿ, ಮಣಲೆರನಿಗೆ ಬಿಟ್ಟದ್ದೂ ಬೂತುಗನೇ. ಆದರೆ ಅವನು ಬಾಯಿಬಿಟ್ಟು ಕೇಳಿದ್ದು ನಾಯಿ ಒಂದನ್ನೇ.

ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೊಂದು ಕಲ್ಲು ನಿಲ್ಲಿಸಿದ. ದೊಡ್ಡ ಕೆರೆಯ ಕೆಳಗೆ 2 ಖಂಡುಗ ಭೂಮಿಯನ್ನು ಆ ಕಲ್ಲಿನ ಹೆಸರಿಗೆ ಬಿಟ್ಟ. ಗುಡಿ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು.

ಬೂತುಗ ಸುಮಾರು 961ರವರೆಗೆ ಆಳಿದ. ಅವನ ಮಗ ಮಾರಸಿಂಹ ಸಲ್ಲೇಖನ ವ್ರತ ಹಿಡಿದು ಬಂಕಾಪುರದಲ್ಲಿ ದೇಹ ಬಿಟ್ಟ. ಆ ಮಾರಸಿಂಹನ ಸೇವೆಯಲ್ಲಿದ್ದ ಚಾವುಂಡರಾಯ ಮುಂದೆ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ. ಅಷ್ಟು ದೊಡ್ಡ ವಂಶ ಅದು. ಆದರೂ ಬೂತುಗ ರಾಚಮಲ್ಲನನ್ನು ಕೊಂದದ್ದು, ರಾಜಾದಿತ್ಯ ಬಿದ್ದದ್ದು, ಬನವಾಸಿ ಕೈಸೇರಿದ್ದು, ಇವೆಲ್ಲ ಒಟ್ಟಿಗೇ ನಮಗೆ ಸಿಗುವುದು ಈ ನಾಯಿಯ ಕಲ್ಲಿನಲ್ಲಿ. ಕಾಳಿ ಸತ್ತಾಗ ಒಬ್ಬ ಮನುಷ್ಯ ಸುಮ್ಮನೆ ಮಣ್ಣು ಮುಚ್ಚಿ ಮನೆಗೆ ಹೋಗಿದ್ದರೆ, ರಾಜನ ಬದುಕಿನ ಎಷ್ಟೋ ಭಾಗ ಅದೇ ಮಣ್ಣಿನಲ್ಲಿ ಹೋಗುತ್ತಿತ್ತು. ರಾಜ ಮೋಸ ಮಾಡಿದನೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಾಯಿ ಹೇಗೆ ಸತ್ತಿತು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ನಮ್ಮ ಕಾಳ್ಯಾನಿಗೆ ಕಲ್ಲಿಲ್ಲ. ಹೋದ ಆಷಾಢದಲ್ಲಿ ವಯಸ್ಸಾಗಿ ಸತ್ತ ಅವನನ್ನು ಅಪ್ಪ ಹೊಲದ ಬದುವಿನ ಬೇವಿನ ಮರದ ಕೆಳಗೆ ಮಣ್ಣು ಮಾಡಿದರು. ಮೊಬೈಲ್ ಎತ್ತಿದರೆ ಸಾಕು ಓಡಿಹೋಗುತ್ತಿದ್ದ ನಾಯಿ ಅದು. ತಮ್ಮನ ಹುಟ್ಟುಹಬ್ಬದ ಫೋಟೊ ಒಂದರಲ್ಲಿ ಬಾಗಿಲ ಹಿಂದೆ ಅರ್ಧ ಬಾಲ ಕಾಣುತ್ತದೆ, ಅಷ್ಟೇ. ಶಾಲೆಯ ಗೋಡೆಗಳಿಗೆ ಚಿತ್ರ ಬರೆದು ಒಂದಿಷ್ಟು ದುಡಿಯುವ ನಾನು, ನೆನಪಿನಿಂದಲೇ ಅವನ ಚಿತ್ರ ಬರೆಯಲು ಕೂತೆ. ಮಡಚಿದ್ದ ಕಿವಿ ಯಾವುದು ಎಂದು ಕೇಳಿದರೆ ಅವ್ವ ಎಡಗಿವಿ ಅಂದಳು, ಅಪ್ಪ ಬಲಗಿವಿ ಅಂದರು. ದಿನಾ ರೊಟ್ಟಿ ಹಾಕಿದವಳು ಒಬ್ಬಳು, ದಿನಾ ಹೊಲಕ್ಕೆ ಕರೆದೊಯ್ದವರು ಒಬ್ಬರು. ಸತ್ತು ವರ್ಷ ತುಂಬುವ ಮೊದಲೇ ಒಂದು ಕಿವಿ ನಮ್ಮ ಮನೆಯಲ್ಲಿ ಕಳೆದುಹೋಗಿತ್ತು. ಮರೆವು ಇಷ್ಟು ಬೇಗ ಬರುತ್ತದೆ ಎನ್ನುವುದೇ ನನ್ನನ್ನು ಹೆದರಿಸಿದ್ದು.

ಈಗಿನ ಕಲಾವಿದರು ನಾಯಿಯನ್ನು ಹೇಗೆ ಚಿತ್ರಿಸುತ್ತಾರೆ ಎಂದು ಹುಡುಕಿದೆ. ಅಮೆರಿಕದ ಜೆಫ್ ಕೂನ್ಸ್ 1992ರಲ್ಲಿ ಜೀವಂತ ಹೂಗಿಡಗಳಿಂದಲೇ ಮೂರ್ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ನಾಯಿಮರಿ ಮಾಡಿದ. 1997ರಿಂದ ಅದು ಸ್ಪೇನಿನ ಬಿಲ್ಬಾವೊ ನಗರದಲ್ಲಿ, ಗುಗೆನ್‌ಹೈಮ್ ಮ್ಯೂಸಿಯಂ ಮುಂದೆ ನಿಂತಿದೆ. 1990ರಲ್ಲಿ 31ನೇ ವಯಸ್ಸಿಗೇ ತೀರಿಹೋದ ಕೀತ್ ಹೇರಿಂಗ್ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಸೀಮೆಸುಣ್ಣ ಹಿಡಿದು ಚಿತ್ರ ಬರೆಯುತ್ತಿದ್ದ. ನಾಲ್ಕಾರು ಗೆರೆಗಳ ಅವನ ಬೊಗಳುವ ನಾಯಿ ಜಗತ್ತಿಗೇ ಪರಿಚಿತ. ನಮ್ಮ ನೆರೆಯ ಮುಧೋಳದ ತಳಿಗೆ 2005ರಲ್ಲಿ ಅಂಚೆ ಚೀಟಿ ಬಂತು. 2022ರಲ್ಲಿ 777 ಚಾರ್ಲಿ ನೋಡಿ ಟಾಕೀಸಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಬಂದವರಲ್ಲಿ ನಾನೂ ಒಬ್ಬ.

ಇವೆಲ್ಲ ನನಗಿಷ್ಟ. ಆದರೆ ಹೂವಿನ ನಾಯಿ ಯಾವ ಮನೆಯದೂ ಅಲ್ಲ, ಸೀಮೆಸುಣ್ಣದ ನಾಯಿ ಎಲ್ಲ ನಾಯಿಗಳದ್ದು, ಅಂಚೆ ಚೀಟಿಯದು ಒಂದು ತಳಿಯ ಮುಖ. ಆತಕೂರಿನ ಶಿಲ್ಪಿ ಹಾಗೂ ಬರೆಸಿದವನು ಮಾಡಿದ್ದು ಬೇರೆ. ನಾಯಿಯ ಹೆಸರು, ಯಾರ ನಾಯಿ, ಯಾವ ಗುಡ್ಡ, ಏನು ಮಾಡಿ ಸತ್ತಿತು, ಇಷ್ಟನ್ನೂ ಚಿತ್ರದ ಜೊತೆಗೆ ಇಟ್ಟರು. ಅದಕ್ಕೇ ಸಾವಿರ ವರ್ಷ ದಾಟಿದ ಮೇಲೂ ಅದು ಒಂದು ನಾಯಿಯಾಗಿಯೇ ಉಳಿದಿದೆ. ಪ್ರೀತಿಯ ಜೀವ ಹೋದಾಗ ಸ್ಟೇಟಸ್‌ಗೆ ಒಂದು ಫೋಟೊ, ಒಂದು ಒಡೆದ ಹೃದಯ ಹಾಕುತ್ತೇವೆ. ಇಪ್ಪತ್ನಾಲ್ಕು ತಾಸಿಗೆ ಅದು ತಾನೇ ಅಳಿದುಹೋಗುತ್ತದೆ. ಬರೆದಿಡುವುದು ಬೇರೆ ಕೆಲಸ, ಅದಕ್ಕೆ ರಾಜರ ಪರಿಚಯವೇನೂ ಬೇಡ.

ನಮ್ಮ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಬರುತ್ತಿದ್ದುದು ಬಹಳ ಸಲ ರಾತ್ರಿಯೇ. ಕಬ್ಬಿಗೆ ನೀರು ಹಾಯಿಸಲು ಅಪ್ಪ ಬ್ಯಾಟರಿ ಹಿಡಿದು ಹೊರಟರೆ ಕಾಳ್ಯಾ ನಾಲ್ಕು ಹೆಜ್ಜೆ ಮುಂದೆ. ಒಂದು ರಾತ್ರಿ ಬದುವಿನ ಮೇಲೆ ಅಡ್ಡ ನಿಂತು, ಬೈದರೂ ಸರಿಯದೆ ಬೊಗಳಿದ. ಬ್ಯಾಟರಿ ಬಿಟ್ಟು ನೋಡಿದರೆ ಎರಡು ಮಾರು ಆಚೆ ನಾಗರಹಾವು. ಅಪ್ಪ ಇವತ್ತು ನಮ್ಮ ಜೊತೆ ಕೂತು ಉಣ್ಣುತ್ತಿರುವುದರಲ್ಲಿ ಆ ನಾಯಿಯ ಪಾಲೂ ಇದೆ.

ಪಂಪ್‌ಸೆಟ್ ಮನೆಯ ಮೂಡಣ ಗೋಡೆಗೆ ಈಗ ಸುಣ್ಣ ಹೊಡೆದಿದ್ದೇನೆ. ಮುಖ ಎದುರಿಗೆ ತಿರುಗಿಸಿದರೆ ತಾನೇ ಕಿವಿಯ ಜಗಳ? ಹಿಂದಿನಿಂದ ಬರೆಯುತ್ತಿದ್ದೇನೆ, ಕತ್ತಲಲ್ಲಿ ಮುಂದೆ ನಡೆಯುವ ನಾಯಿಯನ್ನು ಅಪ್ಪ ಕಂಡ ಹಾಗೆ, ತಲೆ ತಗ್ಗಿಸಿ, ಬಾಲ ಎತ್ತಿ. ಕೆಳಗೆ ಅವನ ಹೆಸರು, ಊರು, ಹಾವಿನ ರಾತ್ರಿಯ ಸುದ್ದಿ ಬರೆಯುತ್ತೇನೆ. ಪೂಜೆ ಯಾರೂ ಮಾಡಬೇಕಿಲ್ಲ. ನೀರು ಹಾಯಿಸಲು ಬಂದವರು ಓದಿಕೊಂಡರೆ ಸಾಕು.